ಮುಪ್ಪಿನಲ್ಲೂ ತಮ್ಮ ಕೆಲಸ ತಾವೇ

ವಯಸ್ಸಾದವರ ಆರೋಗ್ಯವನ್ನು ಅವರಿಗಿರುವ ಕಾಯಿಲೆಗಳಿಂದ ಅಳೆಯುವುದಕ್ಕಿಂತ ಅವರು ತಾವೇ ಮಾಡಿಕೊಳ್ಳುವ ಕೆಲಸಗಳಿಂದ ಅಳೆಯುವುದು ಸರಿ ಎಂಬುದು ವೃದ್ಧಾಪ್ಯ ವೈದ್ಯಶಾಸ್ತ್ರದ ಮೊದಲ ಪಾಠ. ಇದಕ್ಕೊಂದು ಅಳತೆಗೋಲನ್ನು ಅಮೆರಿಕದ ವೈದ್ಯ ಸಿಡ್ನಿ ಕ್ಯಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಕೊಟ್ಟರು. ಸ್ನಾನ, ಬಟ್ಟೆ ಉಟ್ಟುಕೊಳ್ಳುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ ಈ ಆರರಲ್ಲಿ ಎಷ್ಟಕ್ಕೆ ಇನ್ನೊಬ್ಬರ ಕೈ ಬೇಕು ಎಂಬ ಸರಳ ಲೆಕ್ಕ ಅದು. 1969ರಲ್ಲಿ ಲಾಟನ್ ಮತ್ತು ಬ್ರೋಡಿ ಎಂಬ ಇಬ್ಬರು ಇದರ ಜೊತೆಗೆ ಇನ್ನೊಂದು ಪಟ್ಟಿ ಮಾಡಿದರು: ಫೋನ್ ಮಾಡುವುದು, ಅಂಗಡಿಗೆ ಹೋಗುವುದು, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಓಡಾಟ, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುವುದು, ಹಣಕಾಸು. ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು ಮೂರೂ ಇರುವ 78ರ ಅಜ್ಜಿ ಈ ಹದಿನಾಲ್ಕನ್ನೂ ತಾನೇ ಮಾಡಿಕೊಳ್ಳುತ್ತಿರಬಹುದು. ಯಾವ ಕಾಯಿಲೆಯೂ ಇಲ್ಲದ 70ರ ಗಂಡಸು ಐದಾರಕ್ಕೆ ಹೆಂಡತಿಯ ಮುಖ ನೋಡುತ್ತಿರಬಹುದು.

ಈ ಶಕ್ತಿಗಳು ಕೈಬಿಡುವುದಕ್ಕೆ ಒಂದು ಕ್ರಮವಿದೆ ಎಂಬುದನ್ನೂ ಕ್ಯಾಟ್ಜ್ ಗಮನಿಸಿದರು. ಆರರಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಸ್ನಾನ, ಕೊನೆಯತನಕ ಉಳಿಯುವುದು ಊಟ. ಎರಡನೇ ಪಟ್ಟಿಯ ಕೆಲಸಗಳು ಅದಕ್ಕೂ ಮೊದಲೇ ತಪ್ಪತೊಡಗುತ್ತವೆ. ಹಾಗಾಗಿ ವರ್ಷಾನುಗಟ್ಟಲೆ ತಾವೇ ಕರೆಂಟ್ ಬಿಲ್ ಕಟ್ಟುತ್ತಿದ್ದ ಅಪ್ಪ ಎರಡು ತಿಂಗಳು ಮರೆತರೆ, ದಿನಾ ಮಿಂದು ಮಡಿಯುಡುತ್ತಿದ್ದ ಅಮ್ಮ ಎರಡು ದಿನಕ್ಕೊಮ್ಮೆ ಸ್ನಾನಕ್ಕೆ ಹೋದರೆ ಅದನ್ನು ಸೋಮಾರಿತನವೆಂದೋ ವಯಸ್ಸಿನ ಸಹಜ ಗುಣವೆಂದೋ ಬಿಡಬಾರದು. ಕಾರಣ ಬಚ್ಚಲಿನ ಜಾರುನೆಲದ ಭಯವಿರಬಹುದು, ಕಣ್ಣಿನ ಪೊರೆಯಿರಬಹುದು, ಖಿನ್ನತೆಯಿರಬಹುದು, ಮರೆವಿನ ಕಾಯಿಲೆಯ ಆರಂಭವೂ ಇರಬಹುದು. ಇವುಗಳಲ್ಲಿ ಹೆಚ್ಚಿನವಕ್ಕೆ ಪರಿಹಾರವಿದೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 60 ದಾಟಿದವರು ಸುಮಾರು 58 ಲಕ್ಷ, ಅಂದರೆ ಜನಸಂಖ್ಯೆಯ ಶೇ 9.5. 2050ರ ಹೊತ್ತಿಗೆ ದೇಶದ ಪ್ರತಿ ಐವರಲ್ಲಿ ಒಬ್ಬರು ಆ ವಯಸ್ಸಿನವರಾಗಿರುತ್ತಾರೆ ಎಂದು ವಿಶ್ವಸಂಸ್ಥೆಯ ಅಂದಾಜು. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ, ಅಪ್ಪ ಅಮ್ಮ ಶಿರಸಿಯಲ್ಲೋ ಗದಗದಲ್ಲೋ ಇರುವ ಮನೆಗಳಲ್ಲಿ ಹಿರಿಯರ ಸ್ವಾವಲಂಬನೆ ಇಡೀ ಸಂಸಾರ ನಿಂತಿರುವ ನೆಲ.

ಪ್ರೀತಿಯಿಂದಲೇ ಆಗುವ ಹಾನಿ

‘ಅತ್ತೆ, ನೀವು ಸುಮ್ನೆ ಕೂತ್ಕೊಳ್ಳಿ, ನಾನು ಮಾಡ್ತೀನಿ’ ಎಂಬುದು ಒಳ್ಳೆಯ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು. ಹಿಂದಿರುವುದು ಗೌರವ, ಕಾಳಜಿ. ಆದರೆ ಇದರಿಂದ ಹಿರಿಯರ ಕೈಯಿಂದ ಒಂದೊಂದೇ ಕೆಲಸ ಜಾರುತ್ತದೆ. ಜಾರಿದ ಕೆಲಸದ ಜೊತೆ ಅದಕ್ಕೆ ಬೇಕಿದ್ದ ಶಕ್ತಿಯೂ ಹೋಗುತ್ತದೆ. ವಯಸ್ಸಾದ ಮೈಯಲ್ಲಿ ಬಳಸದ ಸ್ನಾಯು ಎಷ್ಟು ಬೇಗ ಕರಗುತ್ತದೆ ಎಂಬುದಕ್ಕೆ 2007ರಲ್ಲಿ ಪ್ರಕಟವಾದ ಒಂದು ಪ್ರಯೋಗ ಕಣ್ಣು ತೆರೆಸುವಂತಿದೆ. ಸರಾಸರಿ 67 ವರ್ಷದ ಆರೋಗ್ಯವಂತರನ್ನು ಹತ್ತು ದಿನ ಹಾಸಿಗೆಯಲ್ಲೇ ಮಲಗಿಸಿದಾಗ ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಸ್ನಾಯುಭಾಗ ಕರಗಿಹೋಗಿತ್ತು. ಅವರು ಯಾರೂ ಜ್ವರ, ನೋವು, ಕಾಯಿಲೆಯಿಂದ ಮಲಗಿದವರಲ್ಲ. ನ್ಯುಮೋನಿಯಾ ಬಂದು ಆಸ್ಪತ್ರೆಯಲ್ಲಿ ಹತ್ತು ದಿನ ಕಳೆದ ಅಜ್ಜ ಗುಣವಾಗಿ ಮನೆಗೆ ಬಂದಮೇಲೂ ಏಕೆ ನಿಲ್ಲಲಾರರು ಎಂಬುದಕ್ಕೆ ಇದು ಉತ್ತರ. ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಊಟ ಮಾಡಿಸುವುದು, ವೈದ್ಯರ ಒಪ್ಪಿಗೆ ಇದ್ದರೆ ದಿನಕ್ಕೆರಡು ಸಲ ವಾರ್ಡಿನ ಉದ್ದಕ್ಕೂ ನಡೆಸುವುದು ಔಷಧದಷ್ಟೇ ಮುಖ್ಯ.

ಕರಗಿದ್ದನ್ನು ಮರಳಿ ಗಳಿಸಬಹುದು ಎಂಬುದು ಇದರ ಇನ್ನೊಂದು ಮುಖ. ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ವೈದ್ಯೆ ಮರಿಯಾ ಫಿಯಟರೋನ್ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. 1990ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅದನ್ನು ಪೂರೈಸಿದವರ ತೊಡೆಯ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತ್ತು. ಅಲ್ಲಿಯವರೆಗೆ ಆ ವಯಸ್ಸಿನ ಸ್ನಾಯು ಬೆಳೆಯುವುದೇ ಇಲ್ಲವೆಂದು ಅನೇಕರು ನಂಬಿದ್ದರು.

ಮನಸ್ಸಿಗೂ ಇದೇ ಮಾತು. ಮನಶ್ಶಾಸ್ತ್ರಜ್ಞರಾದ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ 1976ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ವೃದ್ಧಾಶ್ರಮದಲ್ಲಿ ಒಂದು ಮಹಡಿಯವರಿಗೆ, ನಿಮ್ಮ ಕೋಣೆ ಹೇಗಿರಬೇಕು, ಸಿನಿಮಾ ಯಾವತ್ತು ನೋಡಬೇಕು ಎಂಬುದನ್ನು ನೀವೇ ನಿರ್ಧರಿಸಿ ಎಂದು ಹೇಳಿ, ತಾವೇ ಆರಿಸಿ ನೀರೆರೆಯಲು ಒಂದು ಗಿಡವನ್ನೂ ಕೊಟ್ಟರು. ಇನ್ನೊಂದು ಮಹಡಿಯವರಿಗೆ, ಎಲ್ಲವನ್ನೂ ಸಿಬ್ಬಂದಿ ನೋಡಿಕೊಳ್ಳುತ್ತಾರೆ, ಗಿಡಕ್ಕೂ ಅವರೇ ನೀರು ಹಾಕುತ್ತಾರೆ ಎಂದರು. ಮೂರು ವಾರಗಳಲ್ಲಿ ಮೊದಲಿನವರು ಹೆಚ್ಚು ಚುರುಕಾಗಿ, ಗೆಲುವಾಗಿ ಕಂಡರು. ಪ್ರಯೋಗ ಚಿಕ್ಕದು, ಆದರೆ ಅದು ತೋರಿದ್ದನ್ನು ಯಾವ ಮನೆಯಲ್ಲಾದರೂ ಕಾಣಬಹುದು.

ಕಾಲಿಗೆ ಬೇಕಾದ ಕೆಲಸ

ಸೊಪ್ಪು ಬಿಡಿಸುವುದು, ಹೂ ಕಟ್ಟುವುದು, ಅವರೆಕಾಳು ಸುಲಿಯುವುದು, ಬತ್ತಿ ಹೊಸೆಯುವುದು ಇವೆಲ್ಲ ಹಿರಿಯರಿಗೆ ಮನೆಯಲ್ಲಿ ಉಳಿದುಕೊಂಡ ಕೆಲಸಗಳು. ಬೆರಳುಗಳಿಗೂ ಮನಸ್ಸಿಗೂ ಒಳ್ಳೆಯವು, ಬಿಡಿಸಬಾರದು. ಆದರೆ ಇವೆಲ್ಲವೂ ಕೂತು ಮಾಡುವಂಥವು ಎಂಬುದನ್ನು ಮರೆಯಬಾರದು. ಕುರ್ಚಿಯಿಂದ ಎದ್ದೇಳಿಸುವುದು, ಮೆಟ್ಟಿಲು ಹತ್ತಿಸುವುದು, ಎಡವಿದಾಗ ಮೈಯನ್ನು ಹಿಡಿದು ನಿಲ್ಲಿಸುವುದು ತೊಡೆ, ಪೃಷ್ಠ, ಮೀನಖಂಡಗಳ ಸ್ನಾಯುಗಳು. ಸ್ವಾವಲಂಬನೆ ನಿಂತಿರುವುದು ಅಕ್ಷರಶಃ ಅವುಗಳ ಮೇಲೆ.

ಆ ಬಲ ಎಷ್ಟಿದೆ ಎಂದು ಮನೆಯಲ್ಲೇ ನೋಡಬಹುದು. ಗೋಡೆಗೆ ಒರಗಿಸಿಟ್ಟ, ಕೈಯಿಲ್ಲದ ಗಟ್ಟಿ ಕುರ್ಚಿಯಲ್ಲಿ ಕೂತು, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಪೂರ್ತಿ ಎದ್ದು ಕೂರುವುದು ಎಷ್ಟು ಸಲ ಆಗುತ್ತದೆಂದು ಎಣಿಸಬೇಕು. ಪಕ್ಕದಲ್ಲಿ ಒಬ್ಬರು ನಿಂತಿರಬೇಕು. 70ರಿಂದ 74ರ ಪ್ರಾಯದ ಹೆಂಗಸರಿಗೆ 10, ಗಂಡಸರಿಗೆ 12ಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಕೋಷ್ಟಕ ಹೇಳುತ್ತದೆ. ಕೈಯೂರದೆ ಒಮ್ಮೆಯೂ ಏಳಲಾಗದಿದ್ದರೆ ಫಿಸಿಯೋಥೆರಪಿಸ್ಟ್ ಬಳಿ ಹೋಗುವುದನ್ನು ಮುಂದೂಡಬಾರದು.

ಈ ಪರೀಕ್ಷೆಯೇ ವ್ಯಾಯಾಮವೂ ಹೌದು. ಬೆಳಿಗ್ಗೆ ಕಾಫಿಗೆ ಮುಂಚೆ ಹತ್ತು ಸಲ, ಸಂಜೆ ದೀಪ ಹಚ್ಚುವ ಹೊತ್ತಿಗೆ ಹತ್ತು ಸಲ ಎದ್ದು ಕೂತರೆ ತಿಂಗಳೊಪ್ಪತ್ತಿನಲ್ಲಿ ವ್ಯತ್ಯಾಸ ಕಾಣತೊಡಗುತ್ತದೆ. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ತಾಗಿಸಿ ಹತ್ತು ಸೆಕೆಂಡು ನಿಲ್ಲುವುದು, ಕಟ್ಟೆಯ ಉದ್ದಕ್ಕೂ ಅಡ್ಡ ಹೆಜ್ಜೆ ಹಾಕುವುದು ಸಮತೋಲಕ್ಕೆ ಒಳ್ಳೆಯದು. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ಮನೆಯಲ್ಲೇ ವಾರಕ್ಕೆ ಮೂರು ಸಲ ಮಾಡುವ ಇಂಥದೇ ಕ್ರಮ ಬೀಳುವ ಪ್ರಸಂಗಗಳನ್ನು ಸುಮಾರು ಮೂರನೇ ಒಂದು ಭಾಗ ತಗ್ಗಿಸಿದೆ. 65 ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯುವುದರ ಜೊತೆಗೆ ಮೂರು ದಿನವಾದರೂ ಬಲ ಮತ್ತು ಸಮತೋಲದ ವ್ಯಾಯಾಮ ಮಾಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ನಮ್ಮಲ್ಲಿ ಮೊದಲನೆಯದನ್ನು ಎಲ್ಲ ವೈದ್ಯರೂ ಹೇಳುತ್ತಾರೆ, ಎರಡನೆಯದನ್ನು ಹೇಳುವವರು ಕಡಿಮೆ. ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕಿ ಬಂದು, ತಗ್ಗಿನ ಸೋಫಾದಿಂದ ಏಳಲು ಮೊಮ್ಮಗನ ಕೈ ಕೇಳುವವರು ಎಷ್ಟೋ ಮಂದಿ.

ನೆಲದ ಮೇಲೆ ಕೂರುವ ರೂಢಿ ನಮ್ಮವರ ಸೊಂಟ, ಮಂಡಿಗಳನ್ನು ಬಹುಕಾಲ ಸಡಿಲವಾಗಿ ಇಟ್ಟಿತ್ತು. ಇನ್ನೂ ನೆಲದಿಂದ ಎದ್ದೇಳಬಲ್ಲವರು ಅದನ್ನು ಬಿಡಬಾರದು. ಊಟಕ್ಕೆ ಡೈನಿಂಗ್ ಟೇಬಲ್ ಬಂದಿದ್ದರೂ ಪೂಜೆಗೋ ಪತ್ರಿಕೆ ಓದುವುದಕ್ಕೋ ದಿನಕ್ಕೊಮ್ಮೆ ಚಾಪೆಯ ಮೇಲೆ ಕೂತು ಎದ್ದರೆ ಸಾಕು. ಮಂಡಿ ಸವೆದು ನೋವಿರುವವರಿಗೆ ಮಾತ್ರ ಇದು ಬೇಡ. ಅವರಿಗೆ ಎತ್ತರದ ಕುರ್ಚಿಯೇ ಸರಿ. ಆದರೆ ಮಂಡಿನೋವೆಂದು ನಡೆಯುವುದನ್ನೇ ನಿಲ್ಲಿಸಿದರೆ ತೊಡೆಯ ಸ್ನಾಯು ಸೊರಗಿ ನೋವು ಇನ್ನಷ್ಟು ಏರುತ್ತದೆ.

ತಟ್ಟೆಯಲ್ಲಿ ಏನಿದೆ

ವ್ಯಾಯಾಮ ಎಷ್ಟು ಮಾಡಿದರೂ ಸ್ನಾಯು ಕಟ್ಟಲು ಪ್ರೋಟೀನ್ ಬೇಕು. ವಯಸ್ಸಾದವರ ತಟ್ಟೆಯಲ್ಲಿ ಮೊದಲು ಕಡಿಮೆಯಾಗುವುದು ಅದೇ. ಹಲ್ಲು ಹೋಗಿದೆ, ಹಸಿವಿಲ್ಲ, ಒಬ್ಬರಿಗಾಗಿ ಏನು ಅಡುಗೆ ಎಂದು ಗಂಜಿ, ತಿಳಿಸಾರು ಅನ್ನ, ಕಾಫಿಗೆ ಅದ್ದಿದ ಬನ್ನು ಇಷ್ಟರಲ್ಲೇ ದಿನ ಕಳೆಯುತ್ತದೆ. ವಯಸ್ಕರಿಗೆ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಹಿರಿಯರಿಗೆ 1ರಿಂದ 1.2 ಗ್ರಾಂ ಬೇಕೆಂದು ಈ ವಿಷಯದ ತಜ್ಞರ ಅಭಿಪ್ರಾಯ. 55 ಕಿಲೋ ತೂಗುವ ಅಜ್ಜಿಗೆ ಇದು 55ರಿಂದ 66 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6 ಗ್ರಾಂ, ಒಂದು ಹಿಡಿ ಬೇಳೆಯಲ್ಲಿ 7 ಗ್ರಾಂ ಇರುತ್ತದೆ. ಲೆಕ್ಕ ಹಾಕಿದರೆ ತಿಳಿಸಾರಿನಿಂದ ಇದು ತುಂಬುವ ಮಾತಲ್ಲ. ಗಟ್ಟಿ ತೊವ್ವೆ, ಮೊಳಕೆ ಕಾಳಿನ ಉಸಲಿ, ಹುರಳಿಕಾಳಿನ ಬಸ್ಸಾರಿನಲ್ಲಿ ಕಟ್ಟಿನ ಜೊತೆ ಕಾಳನ್ನೂ ತಿನ್ನುವುದು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು. ಮೂರು ಹೊತ್ತಿಗೂ ಹಂಚಿಹೋಗಬೇಕು. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರೋಟೀನ್ ಹೆಚ್ಚಿಸಬೇಕು.

ಮೂಳೆಯ ವಿಷಯದಲ್ಲಿ ರಾಗಿ ತಿನ್ನುವ ನಾಡಿನವರು ಅದೃಷ್ಟವಂತರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೇರೆ ಯಾವ ಸಾಮಾನ್ಯ ಧಾನ್ಯದಲ್ಲೂ ಅಷ್ಟಿಲ್ಲ. ಆದರೆ ಅದು ಮೈಗೆ ಹತ್ತಲು ವಿಟಮಿನ್ ಡಿ ಬೇಕು. ವಯಸ್ಸಾದ ಚರ್ಮ ಬಿಸಿಲಿನಿಂದ ಅದನ್ನು ತಯಾರಿಸುವುದು ಕಡಿಮೆ, ಫ್ಲಾಟಿನೊಳಗೇ ಇರುವವರಿಗೆ ಬಿಸಿಲೇ ಇಲ್ಲ. ರಕ್ತಪರೀಕ್ಷೆ ಮಾಡಿಸಿ ವೈದ್ಯರು ಹೇಳಿದಷ್ಟು ತೆಗೆದುಕೊಳ್ಳುವುದು ಸರಿ. ವಯಸ್ಸಾದಂತೆ ಬಾಯಾರಿಕೆಯೂ ಮಂಕಾಗುತ್ತದೆ. ರಾತ್ರಿ ಮೂತ್ರಕ್ಕೆ ಏಳಬೇಕಾದೀತೆಂದು ದಿನವಿಡೀ ನೀರು ಕುಡಿಯದವರಿಗೆ ಬೆಳಗಿನಿಂದ ಸಂಜೆ ಆರರೊಳಗೆ ನೀರು, ಮಜ್ಜಿಗೆ ಮುಗಿಸುವ ರೂಢಿ ಮಾಡಿಸಬಹುದು.

ರಾತ್ರಿ ಎರಡು ಗಂಟೆಯ ಬಚ್ಚಲು

ಬೀಳುವುದು ವಯಸ್ಸಾದವರ ಸ್ವಾವಲಂಬನೆಯನ್ನು ಒಂದೇ ಏಟಿಗೆ ಕಸಿಯಬಲ್ಲದು. 65 ದಾಟಿದವರಲ್ಲಿ ಮೂರರಲ್ಲೊಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆಂದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಜಗತ್ತಿನಲ್ಲಿ ಅಪಘಾತದ ಗಾಯಗಳಿಂದ ಆಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಬೀಳುವಿಕೆಯದು. ‘ವಿಧಿ’ ಎಂದು ಸುಮ್ಮನಾಗುವ ಮುನ್ನ ಒಂದು ಬೀಳುವಿಕೆ ಹೇಗೆ ಆಗುತ್ತದೆ ಎಂದು ಹೆಜ್ಜೆ ಹೆಜ್ಜೆಯಾಗಿ ನೋಡಬೇಕು.

ರಾತ್ರಿ ಎರಡು ಗಂಟೆ. ಮೂತ್ರದ ಒತ್ತಡಕ್ಕೆ ಅಜ್ಜ ತಟ್ಟನೆ ಏಳುತ್ತಾರೆ. ಮಲಗಿದ್ದವರು ಒಮ್ಮೆಗೇ ನಿಂತಾಗ ರಕ್ತ ಕಾಲಿಗಿಳಿದು ರಕ್ತದೊತ್ತಡ ಕುಸಿಯುತ್ತದೆ, ಒಂದು ಕ್ಷಣ ಕಣ್ಣು ಕತ್ತಲೆ. ಹತ್ತು ಗಂಟೆಗೆ ನುಂಗಿದ ನಿದ್ದೆ ಮಾತ್ರೆ ಇನ್ನೂ ಇಳಿದಿಲ್ಲ. ಕನ್ನಡಕ ಕಿಟಕಿಯ ಮೇಲೆಲ್ಲೋ ಇದೆ. ಸ್ವಿಚ್ಚು ಬಾಗಿಲ ಪಕ್ಕದಲ್ಲಿದೆ, ಅಲ್ಲಿತನಕ ಕತ್ತಲಲ್ಲೇ ನಡೆಯಬೇಕು. ನಡುವೆ ಮಡಚಿಕೊಂಡ ಕಾಲೊರಸು. ಬಚ್ಚಲಿನ ಹೊಸ್ತಿಲು ಎರಡಂಗುಲ ಎತ್ತರ, ಆಚೆ ನೆಲ ಮೂರಂಗುಲ ತಗ್ಗು. ಸಂಜೆ ಒಗೆದ ಸೋಪಿನ ನೀರು ಟೈಲ್ಸ್ ಮೇಲೆ ಇನ್ನೂ ಆರಿಲ್ಲ, ಹವಾಯಿ ಚಪ್ಪಲಿ ಸವೆದು ನುಣುಪಾಗಿದೆ. ಕುಕ್ಕರುಗಾಲಿನಿಂದ ಏಳುವಾಗ ಕೈಗೆ ಸಿಗುವುದು ಟವೆಲ್ ರಾಡು. ಒದ್ದೆ ಟವೆಲಿನ ಭಾರಕ್ಕಷ್ಟೇ ಕೂರಿಸಿದ ಆ ರಾಡು ಆಳಿನ ಭಾರಕ್ಕೆ ಸ್ಕ್ರೂ ಸಮೇತ ಕಿತ್ತು ಬರುತ್ತದೆ.

ಇದರಲ್ಲಿ ಒಂದೊಂದು ಹೆಜ್ಜೆಗೂ ಪರಿಹಾರವಿದೆ, ಹೆಚ್ಚಿನವು ಅಗ್ಗದವು. ಎದ್ದ ಕೂಡಲೇ ನಿಲ್ಲದೆ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಒಂದು ನಿಮಿಷ ಕೂತು, ಪಾದ ಹತ್ತು ಸಲ ಆಡಿಸಿ ಏಳುವುದು ಖರ್ಚಿಲ್ಲದ್ದು. ಮಂಚದಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಉರಿಯುವ ಚಿಕ್ಕ ದೀಪ ಬೇಕು. ಕಾಲಿಗೆ ಸಿಗುವ ಸಡಿಲ ಕಾಲೊರಸು, ವೈರು, ಪತ್ರಿಕೆಯ ರಾಶಿ ಬೇಡ. ಕಮೋಡಿನ ಪಕ್ಕದಲ್ಲೂ ಸ್ನಾನದ ಜಾಗದಲ್ಲೂ ಸ್ಟೀಲಿನ ಹಿಡಿಕಂಬಿಯನ್ನು ಟೈಲ್ಸಿಗಲ್ಲ, ಒಳಗಿನ ಇಟ್ಟಿಗೆ ಗೋಡೆಗೆ ಬಲವಾದ ಬೋಲ್ಟಿನಿಂದ ಕೂರಿಸಬೇಕು. ಕಂಬಿ ಮುಷ್ಟಿಯಲ್ಲಿ ಪೂರ್ತಿ ಹಿಡಿಯುವಷ್ಟು ದಪ್ಪವಿರಲಿ, ಎತ್ತರ ಬಳಸುವವರ ಸೊಂಟದ ಮಟ್ಟಕ್ಕಿರಲಿ. ಅಜ್ಜ ಅಜ್ಜಿಯನ್ನೇ ನಿಲ್ಲಿಸಿ ಗುರುತು ಹಾಕಿಸುವುದು ಒಳ್ಳೆಯದು, ಪ್ಲಂಬರಿನ ಅಂದಾಜು ಸಾಲದು. ಕುಕ್ಕರುಗಾಲಲ್ಲಿ ಕೂತು ಸ್ನಾನ ಮಾಡುವುದು, ನಿಂತು ಮೈಗೆ ನೀರು ಹಾಕಿಕೊಳ್ಳುವುದು ಎರಡಕ್ಕಿಂತಲೂ ರಬ್ಬರ್ ಕಾಲಿನ ಗಟ್ಟಿ ಸ್ಟೂಲ್ ಮೇಲೆ ಕೂತು ಮೀಯುವುದು ಸುರಕ್ಷಿತ. ಹಂಡೆಯ ಸುಡುನೀರು ರಕ್ತನಾಳಗಳನ್ನು ಹಿಗ್ಗಿಸಿ ಒತ್ತಡ ಇಳಿಸುತ್ತದೆ. ಎಣ್ಣೆ ಹಚ್ಚಿಕೊಂಡು ಬಿಸಿ ನೀರು ಮಿಂದ ದಿನ ತಲೆಸುತ್ತು ಬರುವುದಕ್ಕೆ ಅದೇ ಕಾರಣ, ಎಣ್ಣೆ ಕಾಲಿಗಂಟಿ ಜಾರುವುದು ಬೇರೆ. ಬಚ್ಚಲಿನ ಬಾಗಿಲಿಗೆ ಹೊರಗಿನಿಂದಲೂ ತೆಗೆಯಬಲ್ಲ ಚಿಲಕ ಬೇಕು. ಬಾಗಿಲು ಹೊರಕ್ಕೆ ತೆರೆಯುವಂತಿದ್ದರೆ ಒಳಗೆ ಬಿದ್ದವರೇ ಅದಕ್ಕೆ ಅಡ್ಡವಾಗುವುದಿಲ್ಲ.

ಮಲೆನಾಡು, ಕರಾವಳಿಯ ಮನೆಗಳಲ್ಲಿ ಬಚ್ಚಲಿನಷ್ಟೇ ಅಪಾಯ ಅಂಗಳದಲ್ಲಿದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮುರಕಲ್ಲು, ಸಿಮೆಂಟಿನ ಮೇಲೆ ಪಾಚಿ ಕಟ್ಟುತ್ತದೆ. ಕೊಟ್ಟಿಗೆಗೆ, ತುಳಸಿಕಟ್ಟೆಗೆ, ಬಾವಿಕಟ್ಟೆಗೆ ಹೋಗುವ ದಾರಿಯಲ್ಲಾದರೂ ಅಡಿಕೆ ದಬ್ಬೆ ಹಾಸುವುದು, ಬ್ಲೀಚಿಂಗ್ ಪುಡಿ ಹಾಕಿ ಉಜ್ಜುವುದು, ಒಂದು ಬದಿಗೆ ಹಿಡಿದು ನಡೆಯಲು ಗಳು ಕಟ್ಟುವುದು ಹಿರಿಯರ ಮಳೆಗಾಲವನ್ನು ಮನೆಯೊಳಗಿನ ಸೆರೆವಾಸವಾಗದಂತೆ ಉಳಿಸುತ್ತದೆ.

ಮಾತ್ರೆ, ಕಣ್ಣು, ಕಿವಿ

ಮೂವರು ವೈದ್ಯರು ಬರೆದ ಮೂರು ಚೀಟಿಗಳ ಮಾತ್ರೆಗಳು ಒಂದೇ ಹೊಟ್ಟೆಗೆ ಹೋಗುವಾಗ ಎಲ್ಲವನ್ನೂ ಒಟ್ಟಿಗೆ ನೋಡುವವರು ಯಾರೂ ಇರುವುದಿಲ್ಲ. ಒಂದು ಸಾಮಾನ್ಯ ಉದಾಹರಣೆ: ಬಿಪಿಗೆ ಅಮ್ಲೋಡಿಪಿನ್ ಶುರುವಾಗುತ್ತದೆ, ಅದರಿಂದ ಕೆಲವರಿಗೆ ಪಾದ ಊದುತ್ತದೆ. ಊತ ಇಳಿಸಲು ಮೂತ್ರ ಹೆಚ್ಚಿಸುವ ಮಾತ್ರೆ ಬರುತ್ತದೆ, ಅದರಿಂದ ರಾತ್ರಿ ಮೂರು ಸಲ ಏಳಬೇಕಾಗುತ್ತದೆ, ನಿದ್ದೆ ಕೆಡುತ್ತದೆ, ಅದಕ್ಕೊಂದು ನಿದ್ದೆ ಮಾತ್ರೆ. ಮೊದಲ ಮಾತ್ರೆಯ ಪ್ರಮಾಣ ಬದಲಿಸಿದ್ದರೆ ಉಳಿದೆರಡು ಬೇಕಾಗುತ್ತಲೇ ಇರಲಿಲ್ಲ. ಅಲ್ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆಗಳು, ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ನೆಗಡಿಯ ಮಾತ್ರೆಗಳು, ಸಕ್ಕರೆಯನ್ನು ಅತಿಯಾಗಿ ಇಳಿಸಿಬಿಡುವ ಗ್ಲಿಬೆನ್‌ಕ್ಲಮೈಡ್ ವಯಸ್ಸಾದವರಲ್ಲಿ ಮಂಪರು, ಗೊಂದಲ, ಬೀಳುವಿಕೆಗಳಿಗೆ ಕಾರಣವಾಗುವವು. ಆರು ತಿಂಗಳಿಗೊಮ್ಮೆ ಮನೆಯಲ್ಲಿರುವ ಎಲ್ಲ ಮಾತ್ರೆ, ಟಾನಿಕ್, ಚೂರ್ಣ, ಲೇಹ್ಯಗಳನ್ನು ಒಂದು ಚೀಲಕ್ಕೆ ತುಂಬಿ ಒಬ್ಬರೇ ವೈದ್ಯರ ಮುಂದೆ ಸುರಿದು, ಇವುಗಳಲ್ಲಿ ಯಾವುದನ್ನು ಬಿಡಬಹುದು ಎಂದು ಕೇಳಬೇಕು. ತಾವಾಗಿಯೇ ನಿಲ್ಲಿಸುವುದು ಮಾತ್ರ ಸಲ್ಲದು. ನಿದ್ದೆ ಮಾತ್ರೆಯನ್ನು ದಿಢೀರನೆ ಬಿಟ್ಟರೆ ಫಿಟ್ಸ್ ಬರುವುದೂ ಉಂಟು.

ಮಲಗಿದ್ದಾಗ ಮತ್ತು ನಿಂತ ಮೂರು ನಿಮಿಷದೊಳಗೆ ಬಿಪಿ ನೋಡಿಸುವಂತೆಯೂ ಕೇಳಬೇಕು. ಮೇಲಿನ ಅಂಕಿ 20, ಅಥವಾ ಕೆಳಗಿನದು 10 ಇಳಿದರೆ ಔಷಧ ಬದಲಿಸಬೇಕಾದೀತು. ಹೆಚ್ಚಿನ ಕ್ಲಿನಿಕ್ಕುಗಳಲ್ಲಿ ಕೂತಲ್ಲೇ ಬಿಪಿ ನೋಡಿ ಮುಗಿಸುವುದರಿಂದ ಇದು ತಿಳಿಯುವುದೇ ಇಲ್ಲ.

ಕಣ್ಣಿನ ಪೊರೆಯನ್ನು ಈಗ ‘ಬಲಿಯುವ’ ತನಕ ಕಾಯಬೇಕಿಲ್ಲ, ನಿತ್ಯದ ಕೆಲಸಕ್ಕೆ ತೊಡಕಾದಾಗಲೇ ತೆಗೆಸಬಹುದು. ಓದಲೂ ದೂರಕ್ಕೂ ಒಂದೇ ಆಗಿರುವ ಕನ್ನಡಕದ ಕೆಳಭಾಗದಿಂದ ನೋಡುವಾಗ ಮೆಟ್ಟಿಲಿನ ಅಂಚು ಮಸುಕಾಗುತ್ತದೆ. ಹೊರಗೆ ಓಡಾಡಲು ದೂರದ ನೋಟದ ಬೇರೆ ಕನ್ನಡಕ ಇದ್ದರೆ ಒಳ್ಳೆಯದು. ಕಿವಿಯ ವಿಷಯವನ್ನು ಮನೆಯವರು ಕಣ್ಣಿನಷ್ಟು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ಇದು ದೊಡ್ಡ ತಪ್ಪು. ಕಿವಿ ಮಂದವಾದವರು ಮಾತುಕತೆಯಿಂದ ದೂರ ಸರಿಯುತ್ತಾರೆ, ಕೇಳಿದ್ದಕ್ಕೆ ಬೇರೆ ಉತ್ತರ ಕೊಡುತ್ತಾರೆ, ಅದನ್ನು ಮನೆಯವರು ಅರಳುಮರಳು ಎಂದುಕೊಳ್ಳುತ್ತಾರೆ. ಮರೆವಿನ ಕಾಯಿಲೆಯ ಬಗ್ಗೆ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ 2024ರಲ್ಲಿ ಗುರುತಿಸಿದ ತಡೆಯಬಹುದಾದ 14 ಕಾರಣಗಳಲ್ಲಿ ಕಿವುಡುತನವೂ ಒಂದು.

ನಿನ್ನೆಯವರೆಗೆ ಸರಿಯಿದ್ದವರು ಇವತ್ತು ದಿಢೀರನೆ ಅಸಂಬದ್ಧ ಮಾತಾಡತೊಡಗಿದರೆ ಅದು ಮರೆವಿನ ಕಾಯಿಲೆಯಲ್ಲ. ಮೂತ್ರದ ಸೋಂಕು, ನ್ಯುಮೋನಿಯಾ, ರಕ್ತದಲ್ಲಿ ಸೋಡಿಯಂ ಇಳಿಕೆ, ಹೊಸ ಮಾತ್ರೆ ಇವುಗಳಲ್ಲಿ ಯಾವುದಾದರೂ ಇರುತ್ತದೆ, ಪಾರ್ಶ್ವವಾಯುವೂ ಇರಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಬಿದ್ದಮೇಲೆ

ಬಿದ್ದವರನ್ನು ರಟ್ಟೆ ಹಿಡಿದು ಒಮ್ಮೆಗೇ ಎತ್ತಬಾರದು. ಎಲ್ಲಿ ನೋವು, ಕಾಲು ಆಡಿಸಲಾಗುತ್ತದೆಯೇ ಎಂದು ಮೊದಲು ಕೇಳಬೇಕು. ಪೆಟ್ಟಾಗಿಲ್ಲವಾದರೆ ಪಕ್ಕಕ್ಕೆ ಹೊರಳಿ, ಅಂಬೆಗಾಲಿನ ಭಂಗಿಗೆ ಬಂದು, ಗಟ್ಟಿ ಕುರ್ಚಿಯನ್ನು ಹಿಡಿದು ಒಂದು ಪಾದ ಮುಂದೂರಿ ತಾವೇ ಏಳುವ ಕ್ರಮವನ್ನು ಹಿರಿಯರು ಮೊದಲೇ ಅಭ್ಯಾಸ ಮಾಡಿಕೊಂಡಿದ್ದರೆ ಒಂಟಿಯಾಗಿರುವಾಗ ಅದು ಜೀವ ಉಳಿಸುತ್ತದೆ. ಬಿದ್ದಲ್ಲೇ ಗಂಟೆಗಟ್ಟಲೆ ಬಿದ್ದಿರುವುದು ಪೆಟ್ಟಿನಷ್ಟೇ ಅಪಾಯ. ಒಂಟಿಯಾಗಿರುವವರು ಫೋನನ್ನು ಬಚ್ಚಲಿಗೂ ಒಯ್ಯುವುದು, ಬೆಳಿಗ್ಗೆ ಸಂಜೆ ಪಕ್ಕದ ಮನೆಯವರ ಜೊತೆ ಒಂದು ಮಾತಿನ ರೂಢಿ ಇಟ್ಟುಕೊಳ್ಳುವುದು ಅಗತ್ಯ.

ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿ, ಎದ್ದು ನಿಲ್ಲಲಾಗದಿದ್ದರೆ ಸೊಂಟದ ಕೀಲಿನ ಬಳಿ ಮೂಳೆ ಮುರಿದಿರುವ ಸಾಧ್ಯತೆ ಹೆಚ್ಚು. ‘ಈ ವಯಸ್ಸಿಗೆ ಆಪರೇಷನ್ ಯಾಕೆ’ ಎಂದು ನಾಟಿ ಕಟ್ಟು ಹಾಕಿಸಿ ಮಲಗಿಸುವ ಮನೆಗಳು ಈಗಲೂ ಇವೆ. ವಾಸ್ತವ ಇದಕ್ಕೆ ತದ್ವಿರುದ್ಧ. ವಯಸ್ಸಾದಷ್ಟೂ ಹಾಸಿಗೆಯೇ ಹೆಚ್ಚು ಅಪಾಯ: ಬೆನ್ನುಹುಣ್ಣು, ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪು. ಸಾಧ್ಯವಾದಷ್ಟೂ ಎರಡು ದಿನದೊಳಗೆ ಶಸ್ತ್ರಚಿಕಿತ್ಸೆ ಮಾಡಿಸಿ, ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುವುದು ಈಗ ಒಪ್ಪಿತವಾದ ಕ್ರಮ.

ಏನೂ ಮುರಿಯದೆ ಹೋದರೂ ಉಳಿಯುವುದು ಭಯ. ಒಮ್ಮೆ ಬಿದ್ದವರು ನಡೆಯಲು ಹೆದರುತ್ತಾರೆ, ನಡೆಯದೆ ಕಾಲು ಸೋಲುತ್ತದೆ, ಸೋತ ಕಾಲು ಮತ್ತೆ ಬೀಳಿಸುತ್ತದೆ. ‘ಇನ್ಮೇಲೆ ನೀವು ಏಳಲೇಬೇಡಿ’ ಎಂಬ ಮನೆಯವರ ಆಣೆ ಈ ಚಕ್ರವನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಅದರ ಬದಲು ಒಂದೆರಡು ವಾರ ಜೊತೆಯಲ್ಲಿ ನಡೆಯಬೇಕು. ಊರುಗೋಲು ಬೇಕಿದ್ದರೆ ನಾಚಿಕೆಪಡದೆ ಹಿಡಿಯಲಿ, ಆದರೆ ಅಳತೆ ಸರಿಯಿರಲಿ. ಕೈ ಇಳಿಬಿಟ್ಟು ನಿಂತಾಗ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಕೋಲನ್ನು ಹಿಡಿಯಬೇಕಾದ್ದು ನೋವಿರುವ ಕಾಲಿನ ಕಡೆಯಲ್ಲ, ಎದುರು ಕೈಯಲ್ಲಿ. ಬುಡದ ರಬ್ಬರ್ ಸವೆದೊಡನೆ ಬದಲಿಸಬೇಕು.

ದುಡ್ಡು, ಓಡಾಟ, ನಿರ್ಧಾರ

ಮೈಯ ಸ್ವಾವಲಂಬನೆಗಿಂತ ಮೊದಲೇ ಮನೆಗಳಲ್ಲಿ ಕೈತಪ್ಪುವುದು ನಿರ್ಧಾರದ ಸ್ವಾವಲಂಬನೆ. ವೈದ್ಯರು ಅಮ್ಮನನ್ನು ಕೇಳಿದ ಪ್ರಶ್ನೆಗೆ ಮಗ ಉತ್ತರ ಕೊಡುತ್ತಾನೆ. ಅಪ್ಪನ ಪಿಂಚಣಿಯ ಎಟಿಎಂ ಕಾರ್ಡು ಮಗಳ ಪರ್ಸಿನಲ್ಲಿರುತ್ತದೆ. ವಂಚನೆಯ ಭಯ ಸುಳ್ಳಲ್ಲ. ಪೊಲೀಸ್ ವೇಷದಲ್ಲಿ ವಿಡಿಯೋ ಕರೆ ಮಾಡಿ ಹಣ ಸುಲಿಯುವ ‘ಡಿಜಿಟಲ್ ಅರೆಸ್ಟ್’ ಜಾಲಗಳಿಗೆ ಹಿರಿಯರು ಸುಲಭದ ತುತ್ತು. ಆದರೆ ಅದಕ್ಕೆ ಮದ್ದು ಫೋನ್ ಕಿತ್ತುಕೊಳ್ಳುವುದಲ್ಲ. ದೊಡ್ಡ ಮೊತ್ತವನ್ನು ಠೇವಣಿಯಲ್ಲಿಟ್ಟು, ಯುಪಿಐಗೆ ತಿಂಗಳ ಖರ್ಚಿನಷ್ಟು ಹಣವಿರುವ ಬೇರೆ ಖಾತೆ ಜೋಡಿಸಿಕೊಟ್ಟರೆ ಹೋದರೂ ಹೋಗುವುದು ಅಷ್ಟೇ. ಯಾವ ಪೊಲೀಸರೂ ಯಾವ ಬ್ಯಾಂಕಿನವರೂ ಫೋನಿನಲ್ಲಿ ಒಟಿಪಿ, ಹಣ ಕೇಳುವುದಿಲ್ಲ ಎಂಬುದನ್ನೂ, ಮೋಸವಾದ ಕ್ಷಣವೇ 1930ಕ್ಕೆ ಕರೆ ಮಾಡಬೇಕೆಂಬುದನ್ನೂ ಬರೆದು ಗೋಡೆಗೆ ಅಂಟಿಸಿಡಬಹುದು. ಪಿಂಚಣಿದಾರರು ನವೆಂಬರಿನಲ್ಲಿ ಕೊಡಬೇಕಾದ ಜೀವಿತ ಪ್ರಮಾಣಪತ್ರವನ್ನು 2014ರಲ್ಲಿ ಬಂದ ‘ಜೀವನ್ ಪ್ರಮಾಣ್’ ವ್ಯವಸ್ಥೆಯ ಮೂಲಕ ಮನೆಯಲ್ಲೇ ಫೋನಿನ ಕ್ಯಾಮೆರಾ ಮುಂದೆ ಮುಖ ತೋರಿಸಿ ಕೊಡಬಹುದು. ಒಮ್ಮೆ ಕಲಿಸಿಕೊಟ್ಟರೆ ಮರುವರ್ಷ ಅವರೇ ಮಾಡಿಕೊಳ್ಳುತ್ತಾರೆ.

ಹೊರಗೆ ಹೋಗುವುದಕ್ಕೂ ದುಡ್ಡಿಗೂ ನೇರ ಸಂಬಂಧವಿದೆ. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ವಯಸ್ಸಾದ ಹೆಂಗಸರು ಯಾರ ಕೈಯೂ ಕಾಯದೆ ಮಗಳ ಮನೆಗೆ, ಜಾತ್ರೆಗೆ, ತವರಿಗೆ ಹೋಗಿಬರುವಂತಾಗಿದೆ. ಕೈಯಲ್ಲಿ ಸ್ವಂತ ಕಾಸು ಕಂಡಿರದ ಎಷ್ಟೋ ಅಜ್ಜಿಯರಿಗೆ ಇದು ಮೊದಲ ಸ್ವಾತಂತ್ರ್ಯ. ಇನ್ನೂ ಆಗಬೇಕಾದದ್ದು ಬಸ್ಸಿನ ಎತ್ತರದ ಮೆಟ್ಟಿಲು ತಗ್ಗುವುದು, ನಿಲ್ದಾಣಗಳಲ್ಲಿ ಶುಚಿಯಾದ ಕಮೋಡು ಸಿಗುವುದು. ಶೌಚದ ಚಿಂತೆಗೆ ಪ್ರಯಾಣವನ್ನೇ ಬಿಟ್ಟವರ ಸಂಖ್ಯೆ ಸಣ್ಣದಲ್ಲ.

ಆಸ್ತಿಯ ವಿಷಯದಲ್ಲಿ ಕಾನೂನು ಹಿರಿಯರ ಪರವಾಗಿದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಕಾಯ್ದೆಯಡಿ ಮಕ್ಕಳಿಂದ ಜೀವನಾಂಶ ಕೇಳಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ವಕೀಲರಿಲ್ಲದೆಯೂ ಅರ್ಜಿ ಕೊಡಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ದಾನಪತ್ರ ಬರೆದುಕೊಟ್ಟು, ಆಮೇಲೆ ಮಕ್ಕಳು ಕೈಬಿಟ್ಟರೆ, 23ನೇ ಸೆಕ್ಷನ್ ಪ್ರಕಾರ ಆ ಪತ್ರವನ್ನು ರದ್ದು ಮಾಡಿಸಲು ಅವಕಾಶವಿದೆ. ಷರತ್ತನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಸುವುದು ಜಾಣತನ.

ಕೈಯಾಸರೆ ಬೇಕಾದಾಗ

ಎಷ್ಟೇ ಎಚ್ಚರವಿದ್ದರೂ ಒಂದು ಹಂತದಲ್ಲಿ ನೆರವು ಬೇಕಾಗುತ್ತದೆ. ಆಗಲೂ ಪೂರ್ತಿ ಕೆಲಸವನ್ನು ಕಸಿದುಕೊಳ್ಳದೆ, ಆಗದಷ್ಟಕ್ಕೆ ಮಾತ್ರ ಕೈ ಕೊಡಬೇಕು. ಸ್ನಾನದಲ್ಲಿ ಬೆನ್ನು, ಪಾದ ತಾವು ತೊಳೆದುಕೊಟ್ಟು ಚೊಂಬನ್ನು ಅವರ ಕೈಯಲ್ಲೇ ಬಿಡಬಹುದು. ಸೀರೆಯ ನೆರಿಗೆ ಹಿಡಿಯಲು ಬೆರಳು ಬಗ್ಗದವರಿಗೆ ನೈಟಿ, ಪಂಚೆಯ ಗಂಟು ನಿಲ್ಲದವರಿಗೆ ಎಲಾಸ್ಟಿಕ್ ಪೈಜಾಮ, ಗುಂಡಿಯ ಬದಲು ವೆಲ್ಕ್ರೋ ಇದ್ದರೆ ಬಟ್ಟೆ ಹಾಕಿಕೊಳ್ಳುವುದು ಅವರ ಕೆಲಸವಾಗಿಯೇ ಉಳಿಯುತ್ತದೆ. ಅವರು ಹತ್ತು ನಿಮಿಷ ತೆಗೆದುಕೊಳ್ಳುವುದನ್ನು ತಾನು ಎರಡು ನಿಮಿಷದಲ್ಲಿ ಮುಗಿಸುತ್ತೇನೆ ಎಂಬ ಅವಸರವೇ ಇಲ್ಲಿ ದೊಡ್ಡ ತೊಡಕು. ಸಂಬಳಕ್ಕೆ ಇಟ್ಟುಕೊಂಡ ಹೋಂ ನರ್ಸಿಗೂ ಇದನ್ನು ಮೊದಲ ದಿನವೇ ಬಿಡಿಸಿ ಹೇಳಬೇಕು.

ನೋಡಿಕೊಳ್ಳುವವರು ಹೆಚ್ಚಾಗಿ ಸೊಸೆ, ಮಗಳು ಅಥವಾ ತಾನೂ ವಯಸ್ಸಾದ ಹೆಂಡತಿ. ಅವರಿಗೆ ವಾರಕ್ಕೆ ಒಂದು ಪೂರ್ತಿ ದಿನವಾದರೂ ಬಿಡುವು ಸಿಗದಿದ್ದರೆ ಒಂದು ಮನೆಯಲ್ಲಿ ಇಬ್ಬರು ರೋಗಿಗಳಾಗುತ್ತಾರೆ. ದೂರದಲ್ಲಿರುವ ಮಕ್ಕಳು ಕಳಿಸುವ ಹಣಕ್ಕಿಂತ, ಬಂದು ಹತ್ತು ದಿನ ಆ ಭಾರ ಹೊರುವುದು ದೊಡ್ಡ ಸಹಾಯ. 2010–11ರಲ್ಲಿ ಆರಂಭವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಪ್ರತ್ಯೇಕ ಹೊರರೋಗಿ ಸೇವೆ, ಫಿಸಿಯೋಥೆರಪಿಗಳ ಏರ್ಪಾಡಿದೆ. ಖಿನ್ನತೆ, ನಿದ್ದೆಗೇಡು, ಆರೈಕೆಯ ಆಯಾಸಕ್ಕೆ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ನಡೆಯುವ ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನಲ್ಲಿ ನಗರ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಸೇರಿ 2002ರಲ್ಲಿ ಆರಂಭಿಸಿದ ಹಿರಿಯರ ಸಹಾಯವಾಣಿಯ ಸಂಖ್ಯೆ 1090. ಪಿಂಚಣಿ, ಕಾನೂನು ಸಲಹೆ, ಕಿರುಕುಳದ ದೂರು, ಆಶ್ರಯ ಇವುಗಳಿಗೆ ದೇಶದ ಯಾವ ಮೂಲೆಯಿಂದಾದರೂ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ 14567ಕ್ಕೆ ಉಚಿತವಾಗಿ ಕರೆ ಮಾಡಬಹುದು.